ಕೈಯೆತ್ತಿ ಕರೆಯುವ ಬೆಕ್ಕುಗಳ ಊರು

ಬೆಕ್ಕು ಅಡ್ಡ ಬಂದರೆ ಹೊರಟವರು ಹಿಂದಿರುಗಿ, ಒಂದು ಗಳಿಗೆ ಕುಳಿತು, ನೀರು ಕುಡಿದು ಹೊರಡಬೇಕೆಂಬುದು ನಮ್ಮ ಅಜ್ಜಿಯ ಶಾಸನ. ಅದನ್ನು ಪಾಲಿಸುವುದಾದರೆ ಜಪಾನಿನ ತೊಕೊನಾಮೆಯಲ್ಲಿ ಯಾರೂ ಮನೆಯಿಂದ ಹೊರಬೀಳುವಂತಿಲ್ಲ. ಅಲ್ಲಿ ಗೋಡೆಯ ಮೇಲೆ ಬೆಕ್ಕು, ಅಂಗಡಿಯ ಬಾಗಿಲಲ್ಲಿ ಬೆಕ್ಕು. ಆದರೆ ಅವು ಅಡ್ಡ ಬರುವುದಿಲ್ಲ. ಕುಳಿತಲ್ಲಿಂದಲೇ ಕೈಯೆತ್ತಿ ಕರೆಯುತ್ತವೆ. ಎಲ್ಲವೂ ಮಣ್ಣಿನವು.

ಅಣ್ಣನು ನಗೋಯಾದಲ್ಲಿ ಉದ್ಯೋಗದಲ್ಲಿರುವ ಕಾರಣ ಕಳೆದ ರಜೆಯಲ್ಲಿ ಈ ಊರನ್ನು ನೋಡುವ ಯೋಗ ನನಗೆ ಕೂಡಿಬಂತು. ನಗೋಯಾದ ದಕ್ಷಿಣಕ್ಕೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಚಿತಾ ಪರ್ಯಾಯದ್ವೀಪದ ಪಡುವಣ ತೀರದಲ್ಲಿ ತೊಕೊನಾಮೆಯಿದೆ. ರೈಲಿಳಿದು ತುಸು ನಡೆದರೆ ‘ಮಾನೆಕಿ ನೆಕೊ’, ಎಂದರೆ ಕರೆಯುವ ಬೆಕ್ಕಿನ, ಬೀದಿ. ಅದರ ಗೋಡೆಯ ಮೇಲೆ 39 ಕಲಾವಿದರು ಮಾಡಿದ 39 ಬೆಕ್ಕುಗಳಿವೆ. ಪ್ರತಿಯೊಂದಕ್ಕೂ ಒಂದೊಂದು ಖಾತೆ: ಒಂದಕ್ಕೆ ಪ್ರಯಾಣ, ಒಂದಕ್ಕೆ ಆರೋಗ್ಯ, ಒಂದಕ್ಕೆ ವಿದ್ಯೆ. ವಿದ್ಯೆಯ ಖಾತೆಯ ಬೆಕ್ಕಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆನೆಂದು ಅಣ್ಣ ಹೇಳುತ್ತಾನೆ. ನನ್ನ ಅಂಕಗಳನ್ನು ಬಲ್ಲ ಅಧ್ಯಾಪಕರು ಆ ಬೆಕ್ಕನ್ನು ದೂರಬಾರದೆಂದು ವಿನಂತಿ. ಗೋಡೆಯ ಮೇಲುಗಡೆಯಿಂದ ‘ತೊಕೊನ್ಯಾನ್’ ಎಂಬ ದೈತ್ಯ ಬೆಕ್ಕು ಊರನ್ನು ನೋಡುತ್ತಿದೆ. ಇರುವುದು ತಲೆ ಮಾತ್ರ, ಅದೇ 3.8 ಮೀಟರ್ ಎತ್ತರ, 6.3 ಮೀಟರ್ ಅಗಲ. ಮೈ ಬೇಕಾದವರು ಇಡೀ ಗುಡ್ಡವನ್ನೇ ಮೈಯೆಂದುಕೊಳ್ಳಬಹುದು.

ಬಲಗೈ ಎತ್ತಿದ ಬೆಕ್ಕು ಹಣವನ್ನೂ ಎಡಗೈ ಎತ್ತಿದ್ದು ಗಿರಾಕಿಗಳನ್ನೂ ಕರೆಯುತ್ತದೆಂದು ನಂಬಿಕೆ. ಅಂಗೈ ನಮ್ಮ ಕಡೆಗಿದ್ದು ಬೆರಳುಗಳು ಕೆಳಕ್ಕೆ ಬಾಗಿರುವುದನ್ನು ಕಂಡು ಪಾಶ್ಚಾತ್ಯರು ‘ಹೋಗಿ ಬಾ’ ಎನ್ನುತ್ತಿದೆಯೆಂದು ತಿಳಿಯುವುದುಂಟಂತೆ. ನಮಗೆ ಆ ತೊಡಕಿಲ್ಲ. ನಮ್ಮ ತಾಯಂದಿರು ಮಕ್ಕಳನ್ನು ಊಟಕ್ಕೆ ಕರೆಯುವುದೂ ಹೀಗೆಯೇ. ಬೆಕ್ಕಿಗೆ ಗಂಟೆ ಕಟ್ಟುವವರಾರೆಂಬುದು ನಮ್ಮಲ್ಲಿ ಇನ್ನೂ ತೀರದ ಪ್ರಶ್ನೆ. ಅಲ್ಲಿ ಕೊರಳಲ್ಲಿ ಗಂಟೆ ಕಟ್ಟಿಸಿಕೊಂಡೇ ಬೆಕ್ಕು ವ್ಯಾಪಾರಕ್ಕೆ ಕುಳಿತಿದೆ. 17ನೆಯ ಶತಮಾನದಲ್ಲಿ ಈ ನಾವೊತಾಕಾ ಎಂಬ ಪ್ರಭುವನ್ನು ಬೆಕ್ಕೊಂದು ಕರೆದು ಸಿಡಿಲಿನಿಂದ ಉಳಿಸಿತೆಂದು ಟೋಕಿಯೋದ ಗೋತೊಕುಜಿ ದೇಗುಲದವರು ಕಥೆ ಹೇಳುತ್ತಾರೆ. ಬೆಕ್ಕಿನ ಹುಟ್ಟೂರಿಗೆ ಬೇರೆ ಹಕ್ಕುದಾರರೂ ಇದ್ದಾರೆ.

ಹಾಗಾದರೆ ತೊಕೊನಾಮೆಗೂ ಬೆಕ್ಕಿಗೂ ಏನು ನಂಟು? ಮಣ್ಣಿನ ನಂಟು. ಜಪಾನಿನ ಆರು ಪುರಾತನ ಕುಂಬಾರಿಕೆ ಕೇಂದ್ರಗಳಲ್ಲಿ ಇದೂ ಒಂದು. 12ನೆಯ ಶತಮಾನದಿಂದಲೂ ಇಲ್ಲಿ ಗುಡಾಣಗಳು ಬೆಂದಿವೆ. ಮೇಯ್ಜಿ ಕಾಲದಲ್ಲಿ ಪಟ್ಟಣಗಳಿಗೆ ಚರಂಡಿ ಬಂದಾಗ ಮಣ್ಣಿನ ಕೊಳವೆಗಳು ಇಲ್ಲಿಂದಲೇ ಹೋದವು. ‘ದೊಕಾನ್‌ಜಾಕಾ’ ಎಂಬ ಏರುದಾರಿಯ ಒಂದು ಬದಿಯ ಗೋಡೆ ಆ ಕೊಳವೆಗಳದು, ಇನ್ನೊಂದು ಬದಿಯದು ಮದ್ಯದ ಜಾಡಿಗಳದು. ಮುಂದೆ ಸಿಮೆಂಟಿನ, ಪ್ಲಾಸ್ಟಿಕ್ಕಿನ ಕೊಳವೆಗಳು ಬಂದವು. ಮೇಲೆ ಗುಡ್ಡದಲ್ಲಿ 1887ರಲ್ಲಿ ಕಟ್ಟಿದ ಆವಿಗೆಯೊಂದಿದೆ: ಇಳಿಜಾರಿನಲ್ಲಿ ಎಂಟು ಕೋಣೆಗಳು, ತುದಿಯಲ್ಲಿ ಹತ್ತು ಹೊಗೆಗೊಳವೆಗಳು. ಉರಿ ಸಮನಾಗಿ ಎಳೆಯಲೆಂದು ನಡುವಿನವನ್ನು ಕುಳ್ಳಗೆ, ಅಂಚಿನವನ್ನು ಎತ್ತರಕ್ಕೆ ಕಟ್ಟಿದ್ದಾರೆ. 1974ರಲ್ಲಿ ಅದು ಆರಿತು.

ಅದರ ಮುಂದೆ ನಿಂತಾಗ ನನಗೆ ನಗೆಯೆಲ್ಲ ಇಳಿಯಿತು. ನನ್ನ ಅಜ್ಜ ಮಂಗಳೂರಿನಲ್ಲಿ ಹೆಂಚು ಸುಡುತ್ತಿದ್ದವರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಆ ಉದ್ಯಮದ ಎಷ್ಟೋ ಕಾರ್ಖಾನೆಗಳು ಮುಚ್ಚಿವೆ, ಅಜ್ಜ ದುಡಿದದ್ದೂ ಸಹ. ಹೊಗೆಗೊಳವೆಯೊಂದು ಬಹಳ ಕಾಲ ಉಳಿದಿತ್ತು. ಈಗ ಅದೂ ಇಲ್ಲ.

ತೊಕೊನಾಮೆಯವರು ಕೊಳವೆಯ ಜೊತೆಗೆ ಬೆಕ್ಕನ್ನೂ ಹಿಡಿದಿದ್ದರು. ಎರಡನೆಯ ಮಹಾಯುದ್ಧದ ಬಳಿಕ ಗುಂಡುಮುಖ, ದೊಡ್ಡ ಕಣ್ಣು, ಕೈಯಲ್ಲಿ ಹೊನ್ನಿನ ನಾಣ್ಯವಿರುವ ಬೆಕ್ಕನ್ನು ರೂಪಿಸಿದರು. ಇಂದು ಎಲ್ಲರಿಗೂ ಪರಿಚಿತವಾದದ್ದು ಅದೇ. ಗಂಜಿಯಂತೆ ಕಲಸಿದ ಮಣ್ಣನ್ನು ಪ್ಲಾಸ್ಟರಿನ ಅಚ್ಚಿಗೆ ಸುರಿಯುತ್ತಾರೆ. ಪ್ಲಾಸ್ಟರು ನೀರು ಹೀರಿದಂತೆ ಒಳಮೈಗೆ ಮಣ್ಣಿನ ಪದರು ಕಟ್ಟುತ್ತದೆ. ಉಳಿದದ್ದನ್ನು ಬಗ್ಗಿಸಿ ಚೆಲ್ಲಿದರೆ ಟೊಳ್ಳು ಬೆಕ್ಕು ಸಿದ್ಧ. ಆಮೇಲೆ ಒಣಗಿಸಿ, ಸುಟ್ಟು, ಬಣ್ಣ ಹಾಕುವುದು.

ಅಂಗೈಯಗಲದ ಒಂದನ್ನು ಕೊಂಡುತಂದು ಅಜ್ಜನಿಗೆ ಕೊಟ್ಟೆ. ಬೆಕ್ಕನ್ನು ಒಳಗೆ ತರಬೇಡವೆಂದು ಅಜ್ಜಿ ಆಕ್ಷೇಪಿಸಿದರು. ಅಜ್ಜ ಅದರ ಮುಖ ನೋಡಲಿಲ್ಲ, ಎತ್ತಿದ ಕೈಯನ್ನೂ ನೋಡಲಿಲ್ಲ. ಹೆಂಚನ್ನು ಪರೀಕ್ಷಿಸುವಂತೆ ಕಿವಿಯ ಬಳಿ ಹಿಡಿದು, ಬೆರಳ ಗಂಟಿನಿಂದ ಎರಡು ಬಾರಿ ತಟ್ಟಿ, ಸ್ವಲ್ಪ ಹೊತ್ತು ಆಲಿಸಿದರು.

“ಚೆನ್ನಾಗಿ ಬೆಂದಿದೆ” ಎಂದರು.