ಸ್ವೀಡಿಶ್ ಕಲೀಬೇಕಾ, ಇಟಾಲಿಯನ್ನಾ? ಕನ್ನಡದ ನಾಲಿಗೆ ಏನು ಹೇಳುತ್ತೆ

ಯುರೋಪಿಗೆ ಓದಲಿಕ್ಕೋ ಕೆಲಸಕ್ಕೋ ಹೊರಟ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಯಾವುದು ಸುಲಭ?’ ಎರಡೂ ಭಾಷೆಗಳ ಜೊತೆ ಒಂದಷ್ಟು ವರ್ಷ ಗುದ್ದಾಡಿದವನು ಅನ್ನೋ ಕಾರಣಕ್ಕೆ ಈ ಪ್ರಶ್ನೆ ನನ್ನ ಪಾಲಿಗೆ ಬರುತ್ತೆ. ನೆಟ್‌ನಲ್ಲಿ ಹುಡುಕಿದರೆ ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯ ಪಟ್ಟಿಯೊಂದು ಸಿಗುತ್ತೆ. ಅದು ಸ್ವೀಡಿಶ್ ಮತ್ತು ಇಟಾಲಿಯನ್ ಎರಡನ್ನೂ ಅತಿ ಸುಲಭದ ಗುಂಪಿಗೇ ಸೇರಿಸಿದೆ. ಆದರೆ ಆ ಅಳತೆಗೋಲು ಇಂಗ್ಲಿಷ್ ಮನೆಮಾತಿನವರದ್ದು. ಕನ್ನಡದಿಂದ ಹೊರಟರೆ ದಾರಿ ಬೇರೆ.

ಮೊದಲು ಬಾಯಿಯ ವಿಷಯ. ಇಟಾಲಿಯನ್ನಿನಲ್ಲಿ ‘ನೋನೊ’ ಅಂದರೆ ಒಂಬತ್ತನೆಯದು, ‘ನೊನ್ನೊ’ ಅಂದರೆ ಅಜ್ಜ. ಈ ಒತ್ತಕ್ಷರದ ವ್ಯತ್ಯಾಸ ಹಿಡಿಯಲು ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಕತೆ ಯಾವುದು, ಕತ್ತೆ ಯಾವುದು ಅಂತ ಮೂರನೇ ವಯಸ್ಸಿಗೇ ಗೊತ್ತಿರುವ ನಮಗೆ ಅದೊಂದು ಪಾಠವೇ ಅಲ್ಲ. ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ಬರೆದದ್ದನ್ನು ಹೆಚ್ಚೂಕಡಿಮೆ ಹಾಗೇ ಓದಬಹುದು. ಕ್ರಿಯಾಪದವೂ ನಮ್ಮದರ ಹಾಗೆ: ‘ಪಾರ್ಲೊ’ ಅಂದರೆ ಸಾಕು, ‘ಮಾತಾಡ್ತೀನಿ’ ಅಂತ ಅರ್ಥ. ‘ನಾನು’ ಅಂತ ಪ್ರತಿ ಸಲ ಹೇಳಬೇಕಿಲ್ಲ.

ಸ್ವೀಡಿಶ್ ಮೊದಲಿಗೆ ಪರಕೀಯ ಅನ್ನಿಸುತ್ತೆ. ಒಂಬತ್ತು ಸ್ವರಾಕ್ಷರಗಳು, ಅವುಗಳಲ್ಲಿ ಕೆಲವಕ್ಕೆ ನಮ್ಮ ಬಾಯಲ್ಲಿ ಜಾಗವೇ ಇಲ್ಲ. ಏಳು ಎಂಬ ಸಂಖ್ಯೆಯನ್ನು ಹೇಳುವಾಗ ಬರುವ ಉಸಿರಿನ ಸದ್ದನ್ನು ಕನ್ನಡದಲ್ಲಿ ಬರೆಯಲಿಕ್ಕೇ ಆಗಲ್ಲ. ಆದರೆ ಒಂದು ಅಚ್ಚರಿ ಇದೆ. ಬರವಣಿಗೆಯಲ್ಲಿ ‘ಬಾರ್ನ್’ ಅಂತಿರುವ ಪದವನ್ನು ಸ್ಟಾಕ್‌ಹೋಮಿನವರು ‘ಬಾಣ್’ ಅನ್ನುತ್ತಾರೆ, ನಮ್ಮ ಬಾಣದ ಣ. ರ ಕಾರದ ಮುಂದೆ ತ, ದ, ನ ಬಂದರೆ ಅಲ್ಲಿ ಟ, ಡ, ಣ ಆಗುತ್ತವೆ (ದಕ್ಷಿಣದ ಸ್ಕೋನೆ ಕಡೆ ಹೀಗಾಗಲ್ಲ). ಯುರೋಪಿನ ಬೇರೆಯವರಿಗೆ ಕಷ್ಟವಾಗುವ ಈ ಮೂರ್ಧನ್ಯ ನಮಗೆ ಪುಕ್ಕಟೆ. ಇನ್ನೊಂದು ವಿಷಯ: ‘ಬಾಣ್’ ಅಂದರೆ ಮಗು, ಮತ್ತು ನಮ್ಮ ಮಗುವಿನ ಹಾಗೆ ಅದೂ ನಪುಂಸಕಲಿಂಗ.

ಲಿಂಗದ ವಿಷಯದಲ್ಲೇ ಇಟಾಲಿಯನ್ ನಮಗೆ ಕೈಕೊಡೋದು. ಅಲ್ಲಿ ಮೇಜು ಗಂಡು, ಕುರ್ಚಿ ಹೆಣ್ಣು. ಹಿಂದಿಯ ‘ಕಾ, ಕೀ’ ಜೊತೆ ಹೆಣಗಿದವರಿಗೆ ಈ ಸಂಕಟ ಗೊತ್ತು. ಸ್ವೀಡಿಶ್‌ನಲ್ಲಿ ಹೆಸರುಪದಗಳಿಗೆ ಗಂಡು, ಹೆಣ್ಣು ಭೇದವಿಲ್ಲ, ‘ಎನ್’ ಮತ್ತು ‘ಎತ್’ ಎಂಬ ಎರಡು ಗುಂಪು ಅಷ್ಟೇ. ಆದರೂ ಯಾವ ಪದ ಯಾವ ಗುಂಪು ಅನ್ನೋದನ್ನು ಬಾಯಿಪಾಠ ಮಾಡಲೇಬೇಕು. ಕ್ರಿಯಾಪದವಂತೂ ನಾನು, ನೀನು, ಅವರು ಎಲ್ಲರಿಗೂ ಒಂದೇ ರೂಪ.

ವ್ಯಾಕರಣಕ್ಕಿಂತ ನನಗೆ ಹೆಚ್ಚು ಕುತೂಹಲ ಇರೋದು ನೀನು, ನೀವು ಎಂಬಲ್ಲಿ. ಸ್ವೀಡನ್‌ನಲ್ಲಿ ಮೊದಲು ಎದುರಿಗಿರುವವರನ್ನು ಪದವಿ ಹಿಡಿದು ಕರೆಯಬೇಕಿತ್ತು, ‘ಡಾಕ್ಟರಿಗೆ ಕಾಫಿ ಬೇಕಾ?’ ಅಂತ ಡಾಕ್ಟರನ್ನೇ ಕೇಳುವ ಹಾಗೆ. 1967ರಲ್ಲಿ ಬ್ರೂರ್ ರೆಕ್ಸೆಡ್ ಎಂಬ ಅಧಿಕಾರಿ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾಗಿ ಬಂದಾಗ, ಇನ್ನು ಮುಂದೆ ಎಲ್ಲರನ್ನೂ ‘ದ್ಯೂ’, ಅಂದರೆ ನೀನು, ಎಂದೇ ಮಾತಾಡಿಸ್ತೀನಿ ಅಂದರು. ಆಗಲೇ ಶುರುವಾಗಿದ್ದ ಬದಲಾವಣೆಗೆ ಅದು ಸಂಕೇತವಾಯಿತು. ಈಗ ರಾಜಮನೆತನ ಬಿಟ್ಟರೆ ಪ್ರಧಾನಿಯೂ ‘ದ್ಯೂ’. ಮೇಷ್ಟ್ರನ್ನು ಏಕವಚನದಲ್ಲಿ ಕರೆಯಲು ನಮ್ಮ ನಾಲಿಗೆ ಮೊದಮೊದಲು ತಡವರಿಸುತ್ತೆ. ಯಾರಿಗೆ ಏಕವಚನ, ಯಾರಿಗೆ ಬಹುವಚನ ಅನ್ನೋದು ಜಾತಿ ನೋಡಿ ತೀರ್ಮಾನವಾಗುವುದನ್ನು ಕಂಡು ಬೆಳೆದವನಿಗೆ ಆ ತಡವರಿಕೆಯೂ ಒಂದು ಪಾಠ.

ಇಟಲಿಯದ್ದು ತದ್ವಿರುದ್ಧ ಕತೆ. ಗೌರವಕ್ಕೆ ಬಳಸುವ ‘ಲೇಯಿ’ ಪರದೇಶದ್ದು, ಇಟಾಲಿಯನ್ನರಿಗೆ ಒಪ್ಪುವಂಥದ್ದಲ್ಲ ಎಂದು ಮುಸೊಲಿನಿ ಸರ್ಕಾರ 1938ರಲ್ಲಿ ಅದರ ವಿರುದ್ಧ ಅಭಿಯಾನವನ್ನೇ ನಡೆಸಿ, ‘ವೋಯಿ’ ಬಳಸಿ ಎಂದಿತು. ‘ಲೇಯಿ’ ಎಂದರೆ ಅವಳು ಅಂತಲೂ ಅರ್ಥ. ಅದೇ ಹೆಸರಿದ್ದ ಮಹಿಳಾ ಪತ್ರಿಕೆಯೊಂದು ಹೆಸರು ಬದಲಿಸಿಕೊಂಡು ‘ಅನ್ನಾಬೆಲ್ಲಾ’ ಆಯಿತು! ಸರ್ವಾಧಿಕಾರಿ ಹೋದ, ‘ಲೇಯಿ’ ವಾಪಸ್ ಬಂತು.

ಇನ್ನು, ಭಾಷೆ ಗೊತ್ತಿಲ್ಲದಿದ್ದರೆ ಏನಾಗುತ್ತೆ? ರೋಮ್‌ನ ದಕ್ಷಿಣಕ್ಕಿರುವ ಲಾತಿನಾ ಜಿಲ್ಲೆಯ ಹೊಲಗಳಲ್ಲಿ ಸಾವಿರಾರು ಪಂಜಾಬಿ ಕೂಲಿಗಳು ದುಡಿಯುತ್ತಾರೆ. ಅಲ್ಲಿನ ಮೇಸ್ತ್ರಿ ಪದ್ಧತಿಗೆ ‘ಕಾಪೊರಾಲಾತೊ’ ಅಂತ ಹೆಸರು. 2016ರಲ್ಲಿ ಈ ಕಾರ್ಮಿಕರು ಮುಷ್ಕರ ಹೂಡಿದರು, ಅದೇ ವರ್ಷ ಮೇಸ್ತ್ರಿಗಳ ವಿರುದ್ಧ ಕಠಿಣ ಕಾನೂನೂ ಬಂತು. ಆದರೂ 2024ರ ಜೂನ್‌ನಲ್ಲಿ ಯಂತ್ರಕ್ಕೆ ಸಿಕ್ಕು ಕೈ ತುಂಡಾದ ಭಾರತೀಯ ಕಾರ್ಮಿಕನೊಬ್ಬನನ್ನು ಆಸ್ಪತ್ರೆಗೆ ಒಯ್ಯದೆ ಮನೆ ಮುಂದೆ ಬಿಟ್ಟುಹೋದರು. ಅವನು ಉಳಿಯಲಿಲ್ಲ. ಇಟಾಲಿಯನ್ ಬಂದಿದ್ದರೆ ಆತ ಬದುಕುತ್ತಿದ್ದ ಅಂತ ನಾನು ಹೇಳ್ತಿಲ್ಲ. ಆದರೆ ಕರಾರುಪತ್ರ ಓದಲಿಕ್ಕೆ, ದೂರು ಬರೆಸಲಿಕ್ಕೆ ಮೇಸ್ತ್ರಿಯನ್ನೇ ಅವಲಂಬಿಸಬೇಕಾದ ಕಡೆ ಮೇಸ್ತ್ರಿಯೇ ರಾಜ್ಯ. ದೀರ್ಘಾವಧಿ ನಿವಾಸಕ್ಕೆ ಇಟಲಿ ಎ2 ಮಟ್ಟದ ಭಾಷೆ ಕೇಳುತ್ತೆ. 2018ರಿಂದ ಪೌರತ್ವಕ್ಕೆ ಬಿ1 ಬೇಕು.

ಸ್ವೀಡನ್‌ನ ಬಲೆ ನಯವಾದದ್ದು. ಬೆಂಗಳೂರಿನಿಂದ ಐಟಿ ಕೆಲಸಕ್ಕೆ ಹೋದವರು ವರ್ಷಗಟ್ಟಲೆ ಇಂಗ್ಲಿಷಿನಲ್ಲೇ ಬದುಕಬಹುದು. ಆದರೆ ಆ ದೇಶದಲ್ಲಿ ಕಾನೂನುಬದ್ಧ ಕನಿಷ್ಠ ವೇತನವೇ ಇಲ್ಲ, ಕೂಲಿ ತೀರ್ಮಾನವಾಗೋದು ಯೂನಿಯನ್ನುಗಳು ಮಾಡಿಕೊಳ್ಳುವ ಸಾಮೂಹಿಕ ಒಪ್ಪಂದಗಳಲ್ಲಿ. ಆ ಸಭೆಗಳು ಬಹುತೇಕ ಸ್ವೀಡಿಶ್‌ನಲ್ಲೇ ನಡೆಯುತ್ತವೆ. ದಶಕಗಳ ಕಾಲ ಅಲ್ಲಿ ಪೌರತ್ವಕ್ಕೆ ಭಾಷಾ ಪರೀಕ್ಷೆ ಇರಲಿಲ್ಲ. 2022ರಲ್ಲಿ ಬಂದ ಬಲಪಂಥೀಯ ಸರ್ಕಾರ ಅದನ್ನು ತರಲು ಹೊರಟಿತು.

ಹಾಗಾಗಿ ನನ್ನ ಸಲಹೆ: ಸ್ವೀಡನ್‌ಗೆ ಹೋಗೋದು ಖಚಿತವಾದರೆ ಇಂಗ್ಲಿಷ್ ಸಾಕು ಅನ್ನೋರ ಮಾತು ಕೇಳಬೇಡಿ. ಎಲ್ಲಿಗೆ ಅನ್ನೋದು ಇನ್ನೂ ಗೊತ್ತಿಲ್ಲ, ಒಂದು ಭಾಷೆ ಕಲಿಯೋ ಆಸೆ ಮಾತ್ರ ಇದೆ ಅನ್ನೋರಿಗೆ ನಾನು ಇಟಾಲಿಯನ್ ಅಂತೀನಿ. ಕಿವಿಗೆ ಬೇಗ ಹತ್ತುತ್ತೆ ಅನ್ನೋದು ಒಂದು ಕಾರಣ, ಗ್ರಾಂಶಿ ಇನ್ನೊಂದು. ಸಾರ್ಡೀನಿಯಾದ ಈ ಮನುಷ್ಯ ತುರಿನ್‌ನಲ್ಲಿ ಭಾಷಾಶಾಸ್ತ್ರ ಓದಿದ್ದ. ಮಗುವಿಗೆ ಸಾರ್ಡೀನಿಯನ್ ಮಾತಾಡಲು ಬಿಡು ಎಂದು ಜೈಲಿನಿಂದ ತಂಗಿಗೆ ಕಾಗದ ಬರೆದಿದ್ದ. ಅವನನ್ನು ಇಂಗ್ಲಿಷ್ ಅನುವಾದದ ಹಂಗಿಲ್ಲದೆ ಓದಬಹುದು.

ಖರ್ಚಿನ ಚಿಂತೆ ಬೇಡ. ಸ್ವೀಡನ್‌ನಲ್ಲಿ ನಿವಾಸಿಯಾಗಿ ದಾಖಲಾದ ವಯಸ್ಕರಿಗೆ ‘ಎಸ್‌ಎಫ್‌ಐ’ ತರಗತಿಗಳು ಉಚಿತ, ಇಟಲಿಯಲ್ಲೂ ವಯಸ್ಕರ ಸರ್ಕಾರಿ ಶಾಲೆಗಳಿವೆ. ಇಟಲಿಗೆ ಹೋಗೋರು ಮೊದಲ ತಿಂಗಳೇ ‘ಲೇಯಿ’ ರೂಪ ಕಲಿತುಬಿಡಿ. ನಿವಾಸ ಪರವಾನಗಿಗೆ ನಿಲ್ಲಬೇಕಾದ ಪೊಲೀಸ್ ಕಚೇರಿಯಲ್ಲಿ ಬೇಕಾಗೋದು ಅದೇ.