ಊರಿನ ಹೆಸರು ಚಿಕ್ಕದು, ಜಾಲವಿಳಾಸ ಮಾತ್ರ ಉದ್ದ

ಬಾಗಲಕೋಟೆ: ಕನ್ನಡ ವಿಕಿಪೀಡಿಯದ ‘ಬಾಗಲಕೋಟೆ’ ಪುಟದ ವಿಳಾಸವನ್ನು ನಕಲಿಸಿ ಮೊಬೈಲ್ ಸಂದೇಶದಲ್ಲಿ ಅಂಟಿಸಿದರೆ, ಸಾಮಾನ್ಯವಾಗಿ ಊರಿನ ಹೆಸರು ಮಾಯವಾಗಿ ಶೇಕಡಾ ಚಿಹ್ನೆ, ಅಂಕಿ ಹಾಗೂ ಇಂಗ್ಲಿಷ್ ಅಕ್ಷರಗಳ ಉದ್ದನೆಯ ಸಾಲೊಂದು ಮೂಡುತ್ತದೆ. ಇದು ಮೊಬೈಲಿನ ದೋಷವಲ್ಲ. ಕನ್ನಡದ ವಿಳಾಸಗಳು ಅಂತರಜಾಲದಲ್ಲಿ ಸಂಚರಿಸುವ ರೀತಿಯೇ ಹೀಗೆ.

ಉದ್ದವಾಗುವುದೇಕೆ?

ಜಾಲವಿಳಾಸಗಳ ನಿಯಮ ರೂಪುಗೊಂಡದ್ದು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳಿಗಾಗಿ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಅದಕ್ಕೆ ಸೇರುವ ಪ್ರತಿ ಸ್ವರಚಿಹ್ನೆಗೂ 3 ಬೈಟ್ ಬೇಕು. ವಿಳಾಸದಲ್ಲಿ ಒಂದೊಂದು ಬೈಟನ್ನೂ 3 ಚಿಹ್ನೆಗಳಿಂದ ಬರೆಯುವುದರಿಂದ ಒಟ್ಟು 9 ಆಗುತ್ತದೆ. ಈ ಲೆಕ್ಕದಲ್ಲಿ ‘ಇಳಕಲ್’ 45, ‘ಬಾದಾಮಿ’ 54, ‘ಹುನಗುಂದ’ 63 ಹಾಗೂ ‘ಬಾಗಲಕೋಟೆ’ 72 ಚಿಹ್ನೆಗಳನ್ನು ಆಕ್ರಮಿಸುತ್ತವೆ. ತಾಣದ ಹೆಸರಿನ 30 ಚಿಹ್ನೆಗಳು ಸೇರಿದರೆ ಬಾಗಲಕೋಟೆಯ ವಿಳಾಸ 102ಕ್ಕೇರುತ್ತದೆ. ಒಂದೇ ಒಂದು ಕನ್ನಡ ಅಕ್ಷರವಿದ್ದರೂ ಎಸ್‌ಎಂಎಸ್‌ನ ಮಿತಿ 160ರಿಂದ 70ಕ್ಕೆ ಇಳಿಯುವುದರಿಂದ, ಈ ವಿಳಾಸ ಒಂದು ಸಂದೇಶದಲ್ಲಿ ಹಿಡಿಸದು.

ಕಿರಿದಾಗಿಸುವ ಬಗೆ

ಇದಕ್ಕೆ ಪರಿಹಾರವೇ ವಿಳಾಸ ಕಿರಿದಾಗಿಸುವ ಸೇವೆ. 2002ರಲ್ಲಿ ಟೈನಿಯುಆರ್‌ಎಲ್, 2008ರಲ್ಲಿ ಬಿಟ್‌ಲಿ ಆರಂಭವಾದವು. ವಿಕಿಪೀಡಿಯ ಮತ್ತು ಅದರ ಸೋದರ ತಾಣಗಳ ಪುಟಗಳಿಗೆಂದೇ ‘ಡಬ್ಲ್ಯು ಡಾಟ್ ವಿಕಿ’ ಸೇವೆ 2019ರಿಂದ ಲಭ್ಯವಿದೆ. ಅದರಲ್ಲಿ ಉದ್ದನೆಯ ವಿಳಾಸವನ್ನು ಅಂಟಿಸಿದರೆ ಸುಮಾರು 20 ಚಿಹ್ನೆಗಳ ವಿಳಾಸ ದೊರೆಯುತ್ತದೆ. ಯಾವ ಗಿಡ್ಡ ವಿಳಾಸ ಯಾವ ಪುಟಕ್ಕೆ ಸೇರಿದ್ದೆಂಬ ಪಟ್ಟಿ ಸೇವೆ ನೀಡುವವರ ಬಳಿ ಇರುತ್ತದೆ. ಆಲಮಟ್ಟಿ ಹಿನ್ನೀರಿನಿಂದ ಮುಳುಗಡೆಯಾದ ಹಳೆ ಮನೆಯ ವಿಳಾಸಕ್ಕೆ ಬಂದ ಕಾಗದವನ್ನು ಅಂಚೆಯವರು ನವನಗರಕ್ಕೆ ತಲುಪಿಸಿದಂತೆ, ಆ ಪಟ್ಟಿ ನೋಡಿ ಓದುಗರನ್ನು ಮೂಲ ಪುಟಕ್ಕೆ ಕಳುಹಿಸಲಾಗುತ್ತದೆ.

ಎಚ್ಚರ ಅಗತ್ಯ

ಪಟ್ಟಿ ಅಳಿದರೆ ದಾರಿಯೂ ಅಳಿಯುತ್ತದೆ. ಗೂಗಲ್ ಸಂಸ್ಥೆಯು ತನ್ನ ‘ಗೂ ಡಾಟ್ ಜಿಎಲ್’ ಸೇವೆಯಲ್ಲಿ ಹೊಸ ವಿಳಾಸ ರಚಿಸುವುದನ್ನು 2019ರಲ್ಲಿ ನಿಲ್ಲಿಸಿತು. 2025ರ ಆಗಸ್ಟ್ 25ರಿಂದ ಹಳೆಯವೂ ಸ್ಥಗಿತಗೊಳ್ಳಲಿವೆ ಎಂದು 2024ರಲ್ಲಿ ಪ್ರಕಟಿಸಿತು. ಕೊನೆಗೆ, ಬಳಕೆಯಲ್ಲಿರುವ ವಿಳಾಸಗಳನ್ನು ಉಳಿಸಿಕೊಳ್ಳುವುದಾಗಿ ನಿಲುವು ಬದಲಿಸಿತು. ಯಾರೂ ತೆರೆಯದೆ ಉಳಿದ ವಿಳಾಸಗಳಿಗೆ ಆ ರಕ್ಷಣೆ ದೊರೆಯಲಿಲ್ಲ.

ಇನ್ನೊಂದು ಅಪಾಯ ವಂಚನೆಯದು. ಗಿಡ್ಡ ವಿಳಾಸ ನೋಡಿ ಅದು ಎಲ್ಲಿಗೆ ಒಯ್ಯುತ್ತದೆಂದು ಹೇಳಲಾಗದು. ಬಹುಮಾನ, ಬಾಕಿ ಬಿಲ್ ಎಂದು ಅಪರಿಚಿತರು ಕಳುಹಿಸಿದ ಇಂತಹ ಕೊಂಡಿಗಳನ್ನು ತೆರೆಯದಿರುವುದೇ ಕ್ಷೇಮ. ಹಣ ಕಳೆದುಕೊಂಡವರು ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ದೂರು ನೀಡಬೇಕು.

ಇಳಕಲ್ ಸೀರೆಯ ಅಂಗಡಿಯ ಕಾರ್ಡಿನಲ್ಲಾಗಲಿ, ಬಾದಾಮಿಯ ಪ್ರವಾಸಿ ಕೈಪಿಡಿಯಲ್ಲಾಗಲಿ ಮುದ್ರಣವಾದ ವಿಳಾಸವನ್ನು ಆಮೇಲೆ ತಿದ್ದಲಾಗದು. ಆದ್ದರಿಂದ ಸಂದೇಶಕ್ಕೆ ಗಿಡ್ಡ ವಿಳಾಸ ಸಾಕು. ಬಹುಕಾಲ ಉಳಿಯಬೇಕಾದ ಕಡೆ ತಾಣದ ಪೂರ್ಣ ಹೆಸರೂ ಜೊತೆಗಿರಬೇಕು.