ಬರ್ನ್ ಎಲ್ಲಿ ನಿಂತಿತು ಎಂಬುದೇ ಮೊದಲ ಸುಳಿವು

ಮನೆಯ ಕಂಪ್ಯೂಟರಿನಲ್ಲಿ ಡಿವಿಡಿ ಬರ್ನ್ ಮಾಡುವಾಗ ಕೆಲಸ ನಡುವೆಯೇ ನಿಂತು ಎರರ್ ಬಂತೆನ್ನಿ. ಸಾಮಾನ್ಯವಾಗಿ ಆ ಡಿಸ್ಕ್ ಕಸದ ಬುಟ್ಟಿ ಸೇರುತ್ತದೆ, ಇನ್ನೊಂದು ಖಾಲಿ ಡಿಸ್ಕ್ ಡ್ರೈವಿನೊಳಕ್ಕೆ ಹೋಗುತ್ತದೆ. ಅದೂ ಕೆಟ್ಟರೆ ‘ರೈಟರ್ ಹೋಯಿತು’ ಎಂಬ ತೀರ್ಮಾನಕ್ಕೆ ಬರುತ್ತೇವೆ. ಈ ತೀರ್ಮಾನ ಬಹಳ ಸಲ ಅವಸರದ್ದು. ಡಿವಿಡಿ ಬರೆಯುವುದು ಪೆನ್‌ಡ್ರೈವಿಗೆ ಫೈಲ್ ಕಾಪಿ ಮಾಡಿದಷ್ಟು ಸರಳವಲ್ಲ. ಬೆಳಕು, ಶಾಖ, ವೇಗ ಮೂರೂ ಹೊಂದಿಕೊಂಡರೆ ಮಾತ್ರ ಅದು ಸರಿಯಾಗಿ ನಡೆಯುತ್ತದೆ. ಅದಕ್ಕೆ ಹಂತಗಳಿವೆ, ಒಂದೊಂದು ಹಂತ ಕೆಡುವುದಕ್ಕೂ ಅದರದೇ ಕಾರಣಗಳಿವೆ. ಕೆಲಸ ಯಾವ ಹಂತದಲ್ಲಿ ನಿಂತಿತು ಎಂದು ಗಮನಿಸಿದರೆ ದೋಷ ಎಲ್ಲಿದೆ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಏನನ್ನಾದರೂ ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಇದು.

ಮೊದಲು ಒಳಗೆ ನಡೆಯುವುದೇನು ಎಂದು ನೋಡೋಣ. ಡಿವಿಡಿ ಎಂದರೆ 0.6 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಟಿಸಿದ ತಟ್ಟೆ. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕ್‌ನಲ್ಲಿ ಇವುಗಳ ನಡುವೆ ಸಾವಯವ ಬಣ್ಣದ ತೆಳುವಾದ ಪದರವಿರುತ್ತದೆ. ಸುಮಾರು 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್ ಆ ಬಣ್ಣವನ್ನು ಕಾಯಿಸಿ ಗುರುತು ಮೂಡಿಸುತ್ತದೆ. ಡಿಸ್ಕ್ ಹಾಕಿದ ಕೂಡಲೇ ಡ್ರೈವ್ ಅದರ ಮೇಲಿನ ತಯಾರಕರ ಕೋಡ್ ಓದುತ್ತದೆ. ಆ ಬಣ್ಣಕ್ಕೆ ಯಾವ ವಿಧಾನ ಒಗ್ಗುತ್ತದೆ ಎಂದು ತನ್ನ ಫರ್ಮ್‌ವೇರ್‌ನಲ್ಲಿ ಹುಡುಕುತ್ತದೆ. ಆಮೇಲೆ ಡಿಸ್ಕ್‌ನ ಒಳಅಂಚಿನಲ್ಲಿ ಸ್ವಲ್ಪ ಬರೆದು ಲೇಸರ್ ಎಷ್ಟು ಪ್ರಖರವಾಗಿರಬೇಕು ಎಂದು ಹದ ನೋಡುತ್ತದೆ. ಅಸಲು ಬರವಣಿಗೆ ಒಳಗಿನಿಂದ ಹೊರಗೆ ಸಾಗುತ್ತದೆ. ಎಲ್ಲ ಮುಗಿದ ಮೇಲೆ ಡಿಸ್ಕನ್ನು ಫೈನಲೈಸ್ ಮಾಡಬೇಕು, ಅಂದರೆ ಬೇರೆ ಸಾಧನಗಳೂ ಓದುವಂತೆ ಬರವಣಿಗೆಯನ್ನು ಮುಚ್ಚಬೇಕು.

ಕೆಲಸ ಶುರುವಿನಲ್ಲೇ ನಿಂತರೆ, ಅದರಲ್ಲೂ ‘ಪವರ್ ಕ್ಯಾಲಿಬ್ರೇಷನ್ ಎರರ್’ ಎಂದು ಬಂದರೆ, ಸಂಶಯ ಡಿಸ್ಕ್ ಮತ್ತು ಲೇಸರ್‌ನ ಜೋಡಿಯ ಮೇಲೆ ಹೋಗಬೇಕು. ಡಿಸ್ಕ್‌ನ ಕೋಡ್ ಡ್ರೈವಿಗೆ ಪರಿಚಯವಿಲ್ಲದಿರಬಹುದು, ಲೆನ್ಸಿನ ಮೇಲೆ ದೂಳು ಕೂತಿರಬಹುದು, ಲೇಸರ್ ಮಂಕಾಗಿರಬಹುದು. ಬೇರೆ ಕಂಪನಿಯ ಒಂದು ಡಿಸ್ಕ್ ಹಾಕಿ ನೋಡುವುದೇ ಮೊದಲ ಪರೀಕ್ಷೆ. ಡ್ರೈವ್ ತಯಾರಕರ ಹೊಸ ಫರ್ಮ್‌ವೇರ್ ಸಿಗುವುದಾದರೆ ಅದನ್ನು ಹಾಕುವುದು ಎರಡನೆಯದು. ‘ಸಿನಿಮಾ ಡಿವಿಡಿ ಚೆನ್ನಾಗಿ ಓಡುತ್ತಿದೆ, ಆದ್ದರಿಂದ ಡ್ರೈವ್ ಸರಿಯಿದೆ’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಓದಲು ಬೇಕಾದ್ದು ಮಂದ ಬೆಳಕು, ಬರೆಯಲು ಬೇಕಾದ್ದು ಅದರ ಹಲವು ಪಟ್ಟು. ಸೊರಗಿದ ಲೇಸರ್ ಮೊದಲನೆಯದನ್ನು ಮಾಡಿ ಎರಡನೆಯದರಲ್ಲಿ ಸೋಲಬಹುದು. ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ತೆಳು ಡ್ರೈವುಗಳಲ್ಲಿ ವಿದ್ಯುತ್ತಿನ ಕೊರತೆಯೂ ಇದೇ ಲಕ್ಷಣ ತೋರಿಸುತ್ತದೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್. ಬರೆಯುವ ಹೊತ್ತಿಗೆ ಅಷ್ಟು ಸಾಲದೇ ಹೋಗಬಹುದು. ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿನ ಪೋರ್ಟಿಗೆ ಚುಚ್ಚಿದರೆ ಎಷ್ಟೋ ಸಲ ‘ಕೆಟ್ಟ’ ಡ್ರೈವ್ ಕೆಲಸ ಮಾಡುತ್ತದೆ.

ನಡುವೆ ನಿಂತರೆ ಡಿಸ್ಕಿಗಿಂತ ಮೊದಲು ನೋಡಬೇಕಾದ್ದು ಡೇಟಾ ಬರುವ ದಾರಿಯನ್ನು. 16ಎಕ್ಸ್ ವೇಗದಲ್ಲಿ ಡ್ರೈವಿಗೆ ಪ್ರತಿ ಸೆಕೆಂಡಿಗೆ ಸುಮಾರು 22 ಎಂಬಿ ಬೇಕು. ಮೊದಲೆಲ್ಲ ಈ ಪೂರೈಕೆ ಕ್ಷಣ ತಪ್ಪಿದರೂ ಡಿಸ್ಕ್ ಹಾಳಾಗುತ್ತಿತ್ತು. 2000ರ ಹೊತ್ತಿಗೆ ಸ್ಯಾನ್ಯೋ ಕಂಪನಿಯ ಬರ್ನ್-ಪ್ರೂಫ್‌ನಂಥ ತಂತ್ರಗಳು ಬಂದು, ಡ್ರೈವ್ ಬರವಣಿಗೆ ನಿಲ್ಲಿಸಿ ಅಲ್ಲಿಂದಲೇ ಮುಂದುವರಿಸುವುದನ್ನು ಕಲಿತಿತು. ಆದರೆ ಮೂಲ ಫೈಲೇ ಓದಲಾಗದಿದ್ದರೆ ಯಾವ ತಂತ್ರವೂ ಕಾಪಾಡದು. ಆದ್ದರಿಂದ ಪೆನ್‌ಡ್ರೈವಿನಿಂದಲೋ ನೆಟ್‌ವರ್ಕಿನಿಂದಲೋ ನೇರವಾಗಿ ಬರೆಯದೆ, ಫೈಲುಗಳನ್ನು ಹಾರ್ಡ್‌ಡಿಸ್ಕಿಗೆ ತಂದು ಮೊದಲು ಐಎಸ್‌ಒ ಇಮೇಜ್ (ಇಡೀ ಡಿಸ್ಕಿನ ಪ್ರತಿರೂಪವಾದ ಒಂದೇ ಫೈಲ್) ಮಾಡಿಕೊಳ್ಳಬೇಕು. ಇಮೇಜ್ ಮಾಡುವಾಗಲೇ ಎರರ್ ಬಂದರೆ ಡಿವಿಡಿ ಡ್ರೈವ್ ನಿರಪರಾಧಿ. ದೋಷ ಫೈಲಿನಲ್ಲೋ ಹಾರ್ಡ್‌ಡಿಸ್ಕಿನಲ್ಲೋ ಇದೆ. ಜಾಗದ ಲೆಕ್ಕವನ್ನೂ ಇಲ್ಲೇ ನೋಡಿಕೊಳ್ಳಬೇಕು. ಪೊಟ್ಟಣದ ಮೇಲಿನ 4.7 ಜಿಬಿ ವಿಂಡೋಸ್ ಲೆಕ್ಕದಲ್ಲಿ ಸುಮಾರು 4.38 ಜಿಬಿ ಮಾತ್ರ. ಇಮೇಜ್ ಇಡುವ ಹಾರ್ಡ್‌ಡಿಸ್ಕ್ ಫ್ಯಾಟ್32 ಮಾದರಿಯದಾದರಂತೂ ಅದರಲ್ಲಿ 4 ಜಿಬಿ ಮೀರಿದ ಒಂದೇ ಫೈಲ್ ಇಡಲು ಬರುವುದಿಲ್ಲ.

ತೊಂಬತ್ತು ಪ್ರತಿಶತ ದಾಟಿದ ಮೇಲೆ ಕೆಡುವ ಬರ್ನ್ ಹೆಚ್ಚು ನೋವು ಕೊಡುತ್ತದೆ, ಹೆಚ್ಚು ಹೇಳುತ್ತದೆ ಕೂಡ. 16ಎಕ್ಸ್ ಎಂದು ಆರಿಸಿದರೂ ಡ್ರೈವ್ ಆ ವೇಗದಲ್ಲಿ ಶುರು ಮಾಡುವುದಿಲ್ಲ. ಒಳಅಂಚಿನಲ್ಲಿ ಸುಮಾರು 6ಎಕ್ಸ್‌ನಿಂದ ಹೊರಟು ಹೊರಅಂಚಿನಲ್ಲಷ್ಟೇ 16 ಮುಟ್ಟುತ್ತದೆ. ಡಿಸ್ಕ್ ಓಲಾಡುವುದು ಹೆಚ್ಚು ಎದ್ದು ಕಾಣುವುದೂ, ಬೆರಳಚ್ಚು ಬೀಳುವುದೂ ಅದೇ ಅಂಚಿನಲ್ಲಿ. ಹಾಗಾಗಿ ಕೊನೆಯಲ್ಲಿ ಕೆಟ್ಟರೆ ವೇಗವನ್ನು 8ಎಕ್ಸ್‌ಗೆ ಇಳಿಸಬೇಕು. ಹೆಚ್ಚಾಗುವ ಸಮಯ ಮೂರು ನಾಲ್ಕು ನಿಮಿಷ ಮಾತ್ರ. ಹಾಗಿದ್ದರೆ ಅತಿ ಕಡಿಮೆ ವೇಗವೇ ಅತ್ಯುತ್ತಮವೇ? ಅಲ್ಲ. ಇತ್ತೀಚಿನ ಡಿಸ್ಕ್‌ಗಳ ಬಣ್ಣವನ್ನು ಹೆಚ್ಚಿನ ವೇಗಕ್ಕೆಂದೇ ಹದಗೊಳಿಸಿರುತ್ತಾರೆ. ರೊಟ್ಟಿಯ ಹೆಂಚಿನ ಹಾಗೆ ಇಲ್ಲಿ ಕಾವು ಹೆಚ್ಚಾದರೂ ಕೆಡುಕು, ಕಡಿಮೆಯಾದರೂ ಕೆಡುಕು.

ಇನ್ನು ಬರ್ನ್ ‘ಯಶಸ್ವಿ’ ಎಂದು ಬಂದು, ಟಿವಿ ಪಕ್ಕದ ಪ್ಲೇಯರಿನಲ್ಲಿ ಓಡದ ಡಿಸ್ಕ್. ಇಲ್ಲಿ ಲೇಸರ್‌ನ ತಪ್ಪಿಗಿಂತ ಆಯ್ಕೆಯ ತಪ್ಪು ಹೆಚ್ಚು. ವಿಂಡೋಸ್ 7ರಂಥ ವ್ಯವಸ್ಥೆಗಳು ಡಿಸ್ಕನ್ನು ಪೆನ್‌ಡ್ರೈವಿನಂತೆ ಬಳಸಬೇಕೇ, ಪ್ಲೇಯರಿಗಾಗಿ ಬರೆಯಬೇಕೇ ಎಂದು ಕೇಳುತ್ತವೆ. ಮೊದಲನೆಯದನ್ನು ಒತ್ತಿದರೆ ಅನೇಕ ಪ್ಲೇಯರುಗಳು ಅದನ್ನು ಗುರುತಿಸುವುದಿಲ್ಲ. ಎಂಪಿ4 ಫೈಲನ್ನು ಹಾಗೆಯೇ ಹಾಕಿದ ಮಾತ್ರಕ್ಕೂ ಅದು ವಿಡಿಯೊ ಡಿವಿಡಿ ಆಗುವುದಿಲ್ಲ. ಆಥರಿಂಗ್ ಸಾಫ್ಟ್‌ವೇರ್ ಬಳಸಿ ‘ವಿಡಿಯೊ_ಟಿಎಸ್’ ಫೋಲ್ಡರ್ ಸಿದ್ಧಪಡಿಸಬೇಕು. ಯಶಸ್ಸಿನ ಸಂದೇಶವನ್ನೇ ನಂಬಿ ಕೂರುವುದೂ ಸಲ್ಲದು. ಡಿವಿಡಿಯಲ್ಲಿರುವ ದೋಷ ತಿದ್ದುವ ವ್ಯವಸ್ಥೆ ಬಲವಾದದ್ದು. ಕಳಪೆ ಬರವಣಿಗೆಯನ್ನೂ ಅದು ಸ್ವಲ್ಪ ಕಾಲ ಮರೆಮಾಚುತ್ತದೆ. ಬರೆದ ಮೇಲೆ ವೆರಿಫೈ ಮಾಡಬೇಕು, ಸಾಧ್ಯವಾದರೆ ಬೇರೊಂದು ಡ್ರೈವಿನಲ್ಲಿ ಓದಿಸಬೇಕು.

ಒಂದು ಡಿಸ್ಕಿನ ಬೆಲೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂಬ ಆಕ್ಷೇಪ ಸಹಜ. ಡಿಸ್ಕ್ ಧಾರಾಳವಾಗಿ ಸಿಗುತ್ತಿದ್ದ ಕಾಲಕ್ಕೆ ಅದು ಸರಿಯಾದ ಮಾತಾಗಿತ್ತು. ಈಗ ಹಾಗಿಲ್ಲ. ಗ್ರೇಟರ್ ನೊಯಿಡಾದಲ್ಲಿ ಡಿಸ್ಕ್ ತಯಾರಿಸಿ ದೇಶಕ್ಕೆಲ್ಲ ಮಾರುತ್ತಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ಸಮಾಪನೆಯ ಹಾದಿ ಹಿಡಿಯಿತು. ಅಂಗಡಿಯ ಕಪಾಟಿನಲ್ಲಿ ಉಳಿದ ಹಳೆಯ ಡಿಸ್ಕ್‌ಗಳ ಬಣ್ಣ ಬಿಸಿಲು, ಸೆಕೆಗೆ ಕೆಡುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಇರುವುದೇ ಅಪರೂಪ. ಡಿವಿಡಿ ಯಾರಿಗೆ ಬೇಕು ಎನ್ನುವವರಿಗೂ ಉತ್ತರವಿದೆ: ಮದುವೆಯ ವಿಡಿಯೊ, ರಾತ್ರಿಯಿಡೀ ಚಿತ್ರೀಕರಿಸಿದ ಯಕ್ಷಗಾನ, ಆಸ್ಪತ್ರೆಯ ಸ್ಕ್ಯಾನ್ ಇವೆಲ್ಲ ಎಷ್ಟೋ ಮನೆಗಳಲ್ಲಿ ಇನ್ನೂ ಡಿಸ್ಕಿನಲ್ಲೇ ಇವೆ, ಅವುಗಳ ಇನ್ನೊಂದು ಪ್ರತಿ ಬೇಕೆನ್ನುವವರೂ ಇದ್ದಾರೆ. ಡ್ರೈವ್ ನಿಜವಾಗಿ ಸಾಯುವುದೂ ಉಂಟು, ನಿಜ. ಆದರೆ ಎರಡು ಬೇರೆ ಕಂಪನಿಗಳ ಒಳ್ಳೆಯ ಡಿಸ್ಕ್, ಸರಿಯಾದ ಇಮೇಜ್, ಮಧ್ಯಮ ವೇಗ, ಸಾಕಷ್ಟು ವಿದ್ಯುತ್ತು ಇದ್ದೂ ಕೆಲಸ ಶುರುವಿನಲ್ಲೇ ನಿಂತರೆ ಮಾತ್ರ ಆ ಮಾತು ಹೇಳಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎಲ್ಲಿ ನಿಂತಿತು ಎಂದು ಬರೆದಿಟ್ಟುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದವರ ಡಿಸ್ಕ್ ಸರಿಹೋದರೂ ಕಾರಣ ಅವರಿಗೆ ತಿಳಿಯುವುದಿಲ್ಲ. ಕಾರಣ ತಿಳಿದವರಿಗೆ ಮುಂದಿನ ಡಿಸ್ಕಿನ ಬಗ್ಗೆ ಭಯವಿರುವುದಿಲ್ಲ.